ಔಷಧಕ್ಕೆ ಅಂಜದ ಹುಳು

ವಾಚಕರಲ್ಲಿ ಕೆಲವರಿಗೆ ನೆನಪಿರಬಹುದು. ಹೋದ ವರ್ಷ ಇದೇ ಪುಟದಲ್ಲಿ, ಆಡು ಕುರಿಗಳನ್ನು ಸಾಕುವ ಗೃಹಸ್ಥರಿಗಾಗಿ ನಾವು ನಾಲ್ಕು ಮಾತುಗಳನ್ನು ಬರೆದಿದ್ದೆವು. ತಿಂಗಳಿಗೊಮ್ಮೆ, ಅಮಾವಾಸ್ಯೆಯ ಮರುದಿನವೆಂದು ಗುರುತಿಟ್ಟುಕೊಂಡು, ಹಿಂಡಿನಲ್ಲಿ ಒಂದನ್ನೂ ಬಿಡದೆ ಎಲ್ಲ ಕುರಿಗಳಿಗೂ ಜಂತಿನ ಔಷಧವನ್ನು ಕುಡಿಸತಕ್ಕದ್ದೆಂಬದು ಆ ಬರಹದ ತಾತ್ಪರ್ಯವಾಗಿತ್ತು. ಬರೆದಾಗ ಅದು ನಮಗೆ ಬಹಳ ಒಳ್ಳೆಯ ಮಾತೆಂದೇ ತೋರಿತ್ತು; ಶುಚಿತ್ವ, ನಿಯಮ, ಮುಂಜಾಗ್ರತೆ ಎಲ್ಲವೂ ಅದರಲ್ಲಿ ಕೂಡಿಬಂದಂತಿದ್ದವು. ಈಗ ಆ ಮಾತನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇವೆ. ಅದು ತಪ್ಪು, ಸಣ್ಣ ತಪ್ಪೂ ಅಲ್ಲ. ಅದರ ಬೆಲೆಯನ್ನು ತೆತ್ತವರು ನಾವಲ್ಲ, ನಮ್ಮ ಮಾತನ್ನು ನಂಬಿದವನೊಬ್ಬನು.

ಅವನು ನಮ್ಮ ಹಳೆಯ ವಿದ್ಯಾರ್ಥಿ. ಅವನ ತಂದೆ ಹಟ್ಟಿಯ ಚಿನ್ನದ ಗಣಿಯಲ್ಲಿ ಬಹುಕಾಲ ನೆಲದೊಳಗೆ ಇಳಿದು ದುಡಿದವನು. ನಿವೃತ್ತಿಯ ಕಾಲಕ್ಕೆ ಕೈಸೇರಿದ ಇಡಿಗಂಟನ್ನು ಮಗನ ಕೈಗಿತ್ತು, ಎರಡು ವರ್ಷಗಳೊಳಗೆ ತೀರಿಕೊಂಡನು. ಮಗನು ಆ ಹಣದಿಂದ ಅರವತ್ತು ಕೆಂಗುರಿಗಳನ್ನು ಕೊಂಡನು. ಊರ ಹೊರಗೆ ದೊಡ್ಡಿಯನ್ನು ಕಟ್ಟಿಸಿದನು. ಸುತ್ತಲಿನ ಎರಡೆಕರೆಗೆ ತಂತಿಯ ಬೇಲಿಯನ್ನು ಹಾಕಿಸಿ, ಕೊಳವೆಬಾವಿಯ ನೀರು ಹರಿಸಿ, ಹುಲ್ಲು ಬೆಳೆಯಿಸಿದನು. ಕುರಿಯ ಬೆನ್ನುಹತ್ತಿ ಊರೂರು ತಿರುಗುವದು ಅಜ್ಜನ ಕಾಲಕ್ಕೇ ಮುಗಿಯಿತು, ಇನ್ನು ಮೇವೇ ಕುರಿಯಿದ್ದಲ್ಲಿಗೆ ಬರಬೇಕು ಎಂಬದು ಅವನ ಹಂಚಿಕೆ. ನಾವೂ ಭೇಷ್ ಎಂದೆವು. ಅವನ ತಾಯಿ ಮಾತ್ರ ಏನೂ ಹೇಳದೆ, ಹಸಿರು ಹುಲ್ಲಿನ ಕಡೆ ನೋಡುತ್ತ ನಿಂತಿದ್ದಳು. ಆಕೆ ಕುರುಬರ ಮನೆಯ ಮಗಳು. ಮದುವೆಯಾಗುವವರೆಗೆ ತಂದೆಯ ಹಿಂಡಿನೊಡನೆ ನಡೆದವಳು.

ಭಾದ್ರಪದದ ಒಂದು ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದು, ಚೀಲದೊಳಗಿಂದ ಔಷಧದ ಖಾಲಿ ಶೀಶೆಗಳನ್ನು ತೆಗೆದು ಜಗುಲಿಯ ಮೇಲೆ ಸಾಲಾಗಿ ಇಟ್ಟನು. “ಗುರುಗಳೇ, ನೀವು ಬರದಂಗ ಮಾಡೀನ್ರಿ. ಒಂದು ತಿಂಗಳೂ ತಪ್ಪಿಸಿಲ್ಲ. ಹನ್ನೊಂದು ಹ್ವಾದುವು” ಎಂದನು. ಬೈದಿದ್ದರೆ ಸಹಿಸಬಹುದಾಗಿತ್ತು. ಅವನ ದನಿಯಲ್ಲಿ ದೂರೇ ಇರಲಿಲ್ಲ; ಪಾಠವನ್ನು ಸರಿಯಾಗಿ ಒಪ್ಪಿಸಿಯೂ ಏಟು ತಿಂದ ಹುಡುಗನ ದನಿ ಅದಾಗಿತ್ತು.

ನಮ್ಮ ಸೀಮೆಯನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಹಟ್ಟಿಯೆಂಬ ಶಬ್ದಕ್ಕೆ ದನಕುರಿಗಳನ್ನು ಕೂಡುವ ದೊಡ್ಡಿ, ಅವನ್ನು ಸಾಕುವವರ ಕೇರಿ ಎಂಬ ಅರ್ಥಗಳುಂಟು. ಲೋಕವು ನಮ್ಮ ಹಟ್ಟಿಯನ್ನು ಚಿನ್ನದಿಂದ ಬಲ್ಲದು. ಶಬ್ದವು ಮಾತ್ರ ಕುರಿಯ ಪಕ್ಷಪಾತಿ. ರಾಯಚೂರು ಜಿಲ್ಲೆಯ ಲಿಂಗಸುಗೂರು, ಸಿಂಧನೂರು, ಅದರಾಚೆಯ ಗಂಗಾವತಿ, ಈ ಕಡೆಯ ಗುಡ್ಡಗಾಡಿನ ಸ್ವಂತ ತಳಿಯೇ ಕೆಂಗುರಿ. ಕೆಂಪು ಎಂಬುದರ ಮುಂದೆ ಕುರಿ ಬಂದು, ಕಕಾರಕ್ಕೆ ಗಕಾರವು ಆದೇಶವಾಗಿ ಸಿದ್ಧವಾದ ಪದ. ಆದೇಶಸಂಧಿಗೆ ಉದಾಹರಣೆ ಕೊಡುವಾಗ ನಾವು ಇದನ್ನೇ ಹೇಳುತ್ತಿದ್ದೆವು, ಹುಡುಗರು ಕಿಟಕಿಯ ಹೊರಗೆ ಬೆರಳು ಮಾಡಿ ತೋರಿಸುತ್ತಿದ್ದರು. ತೆಂಗುರಿಯೆಂಬ ಹೆಸರೂ ಇದಕ್ಕುಂಟು; ಮೈಬಣ್ಣವು ತೆಂಗಿನಕಾಯಿಯಂತೆ ಕಂದು. ಉಣ್ಣೆಗಲ್ಲ, ಮಾಂಸಕ್ಕಾಗಿ ಸಾಕುವ ಕುರಿ ಇದು. ಹೊಲವಿಲ್ಲದವನಿಗೆ ಇದೇ ಹೊಲ; ಹೆಣ್ಣುಮಕ್ಕಳ ಮದುವೆ, ಗಂಡುಮಕ್ಕಳ ಕಾಲೇಜು, ಆಸ್ಪತ್ರೆಯ ಖರ್ಚು, ಎಲ್ಲಕ್ಕೂ ಸಂತೆಗೆ ಹೊಡೆದುಕೊಂಡು ಹೋಗುವದು ಇದನ್ನೇ.

ಈ ಕುರಿಗಳನ್ನು ಕೊಂದ ಹುಳು ಹೊಸದೇನೂ ಅಲ್ಲ. ವಿಜ್ಞಾನಿಗಳು ಅದನ್ನು ಹೀಮಾಂಕಸ್ ಕಾಂಟಾರ್ಟಸ್ ಎಂದು ಕರೆಯುತ್ತಾರೆ. ಕಾಂಟಾರ್ಟಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹುರಿಗೊಂಡದ್ದು. ಹೆಣ್ಣುಹುಳುವು ಒಂದು ಅಂಗುಲದಷ್ಟು ಉದ್ದ. ರಕ್ತವನ್ನು ಕುಡಿದ ಅದರ ಕರುಳು ಕೆಂಪು, ಆ ಕರುಳಿಗೆ ಸುತ್ತಿಕೊಂಡಿರುವ ಅಂಡಾಶಯವು ಬಿಳಿದು. ಆದುದರಿಂದ ಕೆಂಪು ಬಿಳಿ ಎಳೆಗಳನ್ನು ಕೂಡಿಸಿ ಹೊಸೆದ ದಾರದಂತೆ ಕಾಣುವದು. ಮೆಲುಕಾಡುವ ಪ್ರಾಣಿಗಳಿಗಿರುವ ನಾಲ್ಕು ಹೊಟ್ಟೆಗಳಲ್ಲಿ ನಾಲ್ಕನೆಯದರ ಒಳಗೋಡೆಯನ್ನು ಕೊರೆದು ಅದು ರಕ್ತವನ್ನು ಹೀರುವದು. ಒಂದು ಹುಳುವಿನ ಕಾರಣದಿಂದ ಕುರಿಯು ದಿನಕ್ಕೆ ಕಳೆದುಕೊಳ್ಳುವ ರಕ್ತವು ಸುಮಾರು 0.05 ಮಿಲಿಲೀಟರ್, ಒಂದು ಹನಿ ಎನ್ನಿರಿ. ಹನಿಯೆಂದು ಅಲಕ್ಷ್ಯ ಮಾಡಲಾಗದು. ಒಂದು ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್ ಆಯಿತು. ಮೂವತ್ತು ಕಿಲೋ ತೂಗುವ ಕುರಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿ ಎರಡು ಲೀಟರಿನಷ್ಟು. ನಲವತ್ತು ದಿನಗಳಲ್ಲಿ ಒಂದು ಮೈಯ ರಕ್ತವೆಲ್ಲ ಖರ್ಚಾಯಿತೆಂದೇ ಲೆಕ್ಕ. ಹೊಸರಕ್ತವನ್ನು ಹುಟ್ಟಿಸಿಕೊಳ್ಳುವ ಶಕ್ತಿಯಿರುವವರೆಗೆ ಕುರಿಯು ತಾಳಿಕೊಳ್ಳುವದು. ಮರಿಗೂ ಹಾಲು ಕೊಡುವ ತಾಯಿಗೂ ಆ ಶಕ್ತಿಯು ಕಡಮೆ. ಮೊದಲು ಕಣ್ಣಿನ ಒಳರೆಪ್ಪೆಯೂ ವಸಡೂ ಬಿಳಚುತ್ತವೆ. ಆಮೇಲೆ ಗದ್ದದ ಕೆಳಗೆ ನೀರು ತುಂಬಿ ಬಾವು ಇಳಿಬೀಳುವದು. ಈ ರೋಗದಲ್ಲಿ ಕುರಿಯು ಸಾಮಾನ್ಯವಾಗಿ ಉಚ್ಚಿಕೊಳ್ಳುವದಿಲ್ಲ. ಆದುದರಿಂದಲೇ ಹೊಟ್ಟೆಯಲ್ಲೇನೋ ಇದೆಯೆಂಬ ಸಂಶಯವು ಬೇಗ ಬಾರದು. ಮೈತುಂಬಿಕೊಂಡಿದ್ದ ಕುರಿಯೇ ಬೆಳಗ್ಗೆ ಎದ್ದು ನೋಡುವಷ್ಟರಲ್ಲಿ ಸತ್ತುಬಿದ್ದಿರುವದೂ ಉಂಟು.

ಒಂದು ಹೆಣ್ಣುಹುಳುವು ದಿನಕ್ಕೆ 5,000 ದಿಂದ 10,000 ದವರೆಗೆ ಮೊಟ್ಟೆಗಳನ್ನಿಡುವದು. ಅವು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ಬೆಚ್ಚಗೂ ತೇವವೂ ಇದ್ದರೆ ಒಂದು ವಾರದೊಳಗಾಗಿ ಮರಿಹುಳುಗಳಾಗಿ, ಇಬ್ಬನಿಯ ನೀರಿನಲ್ಲಿ ಈಜುತ್ತ ಹುಲ್ಲಿನ ಎಲೆಯನ್ನು ಏರಿ ಕುಳಿತುಕೊಳ್ಳುತ್ತವೆ. ಹುಲ್ಲಿನೊಡನೆ ಕುರಿಯ ಹೊಟ್ಟೆ ಸೇರಿದ ಮೂರು ವಾರಗಳಿಗೆ ತಾವೇ ಮೊಟ್ಟೆಯಿಡಲು ತೊಡಗುತ್ತವೆ. ನಮ್ಮ ಸೀಮೆಯ ಬೇಸಿಗೆಯ ಬಿಸಿಲಿಗೆ ಬಯಲಿನಲ್ಲಿ ಇವು ಬದುಕಲಾರವು. ಆದರೆ ನಮ್ಮ ವಿದ್ಯಾರ್ಥಿಯ ಎರಡೆಕರೆಯಲ್ಲಿ ಬೇಸಿಗೆಯೆಂಬದೇ ಇರಲಿಲ್ಲವಷ್ಟೆ! ಕೊಳವೆಬಾವಿಯ ನೀರಿನಿಂದ ಅವನು ಬೆಳೆದದ್ದು ಹುಲ್ಲನ್ನು ಮಾತ್ರವೇ ಅಲ್ಲ. ತಾಯಿಯು ಸುಮ್ಮನೆ ನೋಡುತ್ತ ನಿಂತದ್ದರ ಅರ್ಥವು ನಮಗೆ ಆಗ ಆಗಲಿಲ್ಲ.

ಇಷ್ಟಾದರೂ ಔಷಧವು ಕೆಲಸ ಮಾಡಬೇಕಾಗಿತ್ತಲ್ಲ? ತಿಂಗಳು ತಿಂಗಳಿಗೂ ಕುಡಿಸಿದ ಔಷಧವು ಎಲ್ಲಿ ಹೋಯಿತು? ಇದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕುರಿಯ ಜಂತಿಗೆ ಫಿನೋಥಯಜೀನ್ ಎಂಬ ಪುಡಿಯು ಒಳ್ಳೆಯದೆಂದು 1938ರಲ್ಲಿ ಕಂಡುಬಂದಿತು. 1957ರಲ್ಲಿ ಅಮೆರಿಕದ ಕೆಂಟಕಿಯಿಂದ ಸುದ್ದಿ ಬಂದಿತು: ಒಂದು ಹಿಂಡಿನ ಹುಳುಗಳು ಅದಕ್ಕೆ ಬಗ್ಗುತ್ತಿಲ್ಲ. 1961ರಲ್ಲಿ ಥಯಾಬೆಂಡಜೋಲ್ ಬಂದಿತು. ಇಷ್ಟು ನಿರಪಾಯವಾದ, ಇಷ್ಟು ತೀಕ್ಷ್ಣವಾದ ಜಂತಿನ ಔಷಧವು ಅಲ್ಲಿಯವರೆಗೆ ಇರಲಿಲ್ಲ. ಮೂರೇ ವರ್ಷಗಳಲ್ಲಿ, 1964ರಲ್ಲಿ, ಅದಕ್ಕೂ ಬಗ್ಗದ ಹುಳುಗಳು ಕಂಡುಬಂದವು. ಜಪಾನಿನ ಒಂದು ಹಿಡಿ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ದೊರೆತ ಐವರ್ಮೆಕ್ಟಿನ್ 1981ರಲ್ಲಿ ಪೇಟೆಗೆ ಬಂದಿತು. ಅದಕ್ಕಾಗಿ ದುಡಿದ ಓಮುರಾ ಮತ್ತು ಕ್ಯಾಂಬೆಲ್ ಎಂಬ ವಿದ್ವಾಂಸರಿಗೆ 2015ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಮನುಷ್ಯರ ಕುರುಡುತನವನ್ನು ತಡೆದ ಆ ಮಹಾ ಔಷಧವೂ ಕುರಿಯ ಹೊಟ್ಟೆಯಲ್ಲಿ ಸೋಲತೊಡಗಿತು. ದಕ್ಷಿಣ ಆಫ್ರಿಕೆಯಿಂದ ಅದೇ ದಶಕದಲ್ಲಿಯೇ ವರದಿಗಳು ಬಂದವು. ತೀರ ಹೊಸದಾದ ಮೋನೆಪ್ಯಾಂಟೆಲ್ 2009ರಲ್ಲಿ ನ್ಯೂಜಿಲೆಂಡಿನಲ್ಲಿ ಮಾರಾಟಕ್ಕೆ ಬಂದರೆ, ಅದನ್ನು ಲೆಕ್ಕಿಸದ ಹುಳುಗಳು ಅದೇ ದೇಶದಲ್ಲಿ 2013ರಲ್ಲಿ ಕಾಣಿಸಿಕೊಂಡವು. ನಮ್ಮ ದೇಶದಲ್ಲಿ ಇಂಥ ಸಂಗತಿಯು 1976ರಷ್ಟು ಹಿಂದೆಯೇ ಪ್ರಕಟವಾಗಿದೆ. ಆ ಮೇಲೆ ರಾಜಸ್ಥಾನದಿಂದಲೂ ತಮಿಳುನಾಡಿನಿಂದಲೂ ನಮ್ಮ ಕರ್ನಾಟಕದಿಂದಲೂ ವರದಿಗಳು ಬಂದಿವೆ. ಇವುಗಳಲ್ಲೆಲ್ಲ ಒಂದು ಸ್ವಾರಸ್ಯವುಂಟು. ಔಷಧಕ್ಕೆ ಬಗ್ಗದ ಹುಳುಗಳು ಹೆಚ್ಚಾಗಿ ಸಿಕ್ಕದ್ದು ಅಚ್ಚುಕಟ್ಟಾಗಿ ನಡೆಯುವ ದೊಡ್ಡ ಕುರಿಸಾಕಣೆಯ ಕ್ಷೇತ್ರಗಳಲ್ಲಿ. ವೇಳೆಗೆ ಸರಿಯಾಗಿ ಎಲ್ಲ ಕುರಿಗಳಿಗೂ ಔಷಧ ಬೀಳುವ ಕಡೆಯಲ್ಲಿ. ವರ್ಷಕ್ಕೊಮ್ಮೆಯೋ ಎರಡು ಸಲವೋ ಔಷಧ ಕಂಡ, ಅದೂ ಅರ್ಧ ಹಿಂಡಿಗೆ ಮಾತ್ರ ಕಂಡ, ಅಲೆಮಾರಿ ಕುರುಬನ ಕುರಿಗಳಲ್ಲಿ ಔಷಧವು ಇನ್ನೂ ಚೆನ್ನಾಗಿ ನಡೆಯುತ್ತಿತ್ತು. ಇದನ್ನು ಓದಿದಾಗ, ಶಿಸ್ತನ್ನು ನಲವತ್ತು ವರ್ಷ ಕಲಿಸಿದ ನಮಗೆ ಸ್ವಲ್ಪ ಮುಖಭಂಗವೇ ಆಯಿತು.

ಏಕೆ ಹೀಗಾಗುವದೆಂಬದನ್ನು ಅಂಕಗಣಿತದಿಂದ ತಿಳಿಯಬಹುದು. ಒಂದು ಕುರಿಯ ಹೊಟ್ಟೆಯಲ್ಲಿ ಸಾವಿರ ಹುಳುಗಳಿವೆ ಎನ್ನೋಣ. ಅವುಗಳಲ್ಲಿ ಹತ್ತು ಹುಟ್ಟಿನಿಂದಲೇ ಔಷಧಕ್ಕೆ ಬಗ್ಗದವು. ಔಷಧವು ಅವನ್ನು ಹಾಗೆ ಮಾಡಿದ್ದಲ್ಲ. ಅವು ಮೊದಲಿನಿಂದ ಇದ್ದವು, ಗುಂಪಿನಲ್ಲಿ ಮರೆಯಾಗಿದ್ದವು. ಆಲ್ಬೆಂಡಜೋಲ್ ಮೊದಲಾದ ಔಷಧಗಳು ಹುಳುವಿನ ಜೀವಕೋಶದಲ್ಲಿರುವ ಟ್ಯೂಬುಲಿನ್ ಎಂಬ ಸಸಾರಜನಕಕ್ಕೆ ಅಂಟಿಕೊಂಡು, ಅದು ಆಹಾರವನ್ನು ಹೀರಲಾರದಂತೆ ಮಾಡುತ್ತವೆ. ಆ ಟ್ಯೂಬುಲಿನ್ ನೂರಾರು ಮಣಿಗಳ ಸರವಿದ್ದಂತೆ. 200ನೆಯ ಮಣಿಯೊಂದು ಬದಲಾದರೂ ಸಾಕು, ಔಷಧವು ಅಂಟದು. ಒಂದು ಅಕ್ಷರವು ಇಷ್ಟು ಮಾಡೀತೇ ಎಂದು ಕೇಳುವವರಿಗೆ ನಾವು ನಮ್ಮ ಶಾಸ್ತ್ರದಿಂದ ಉತ್ತರ ಕೊಡಬಲ್ಲೆವು: ಸಂಸ್ಕೃತದಲ್ಲಿ ಸಕೃತ್ ಎಂದರೆ ಒಂದು ಸಲ, ಶಕೃತ್ ಎಂದರೆ ಸಗಣಿ. ಉಚ್ಚಾರದಲ್ಲಿ ಎಚ್ಚರ ತಪ್ಪಿದ ಎಷ್ಟೋ ವಿದ್ಯಾರ್ಥಿಗಳು ನಮ್ಮ ತರಗತಿಯಲ್ಲಿ ನಗೆಗೀಡಾಗಿದ್ದಾರೆ.

ಈಗ ಔಷಧವನ್ನು ಕುಡಿಸಿದೆವು. ಒಂಬೈನೂರ ತೊಂಬತ್ತು ಸತ್ತವು, ಹತ್ತು ಉಳಿದವು. ಕುರಿಯು ಚೇತರಿಸಿಕೊಂಡಿತು, ನಮಗೂ ಸಂತೋಷ. ಆದರೆ ಇಂದಿನಿಂದ ಮೂರು ವಾರಗಳವರೆಗೆ ನೆಲಕ್ಕೆ ಬೀಳುವ ಪ್ರತಿಯೊಂದು ಮೊಟ್ಟೆಯೂ ಆ ಹತ್ತರದೇ. ಅರವತ್ತು ಕುರಿಗಳಿಗೂ ಒಂದೇ ದಿನ ಕುಡಿಸಿದ್ದರೆ ಅರವತ್ತರದೂ ಇದೇ ಕಥೆ. ಮುಂದಿನ ತಿಂಗಳು ಮತ್ತೆ ಕುಡಿಸಿದೆವು. ಸಾಯಬಲ್ಲವು ಸತ್ತವು, ಸಾಯದವು ಬೆಳೆದವು. ಚಕ್ರಬಡ್ಡಿಯ ಲೆಕ್ಕ ಗೊತ್ತಿದ್ದವರಿಗೆ ಇದರ ಮುಂದಿನದನ್ನು ವಿವರಿಸಬೇಕಾಗಿಲ್ಲ. ವರ್ಷ ತುಂಬುವಷ್ಟರಲ್ಲಿ ಹಿಂಡಿನಲ್ಲಿಯೂ ಹುಲ್ಲಿನಲ್ಲಿಯೂ ಆ ಹತ್ತರ ವಂಶವೇ ವಂಶ. ನಾವು ಬರೆದ ನಿಯಮವನ್ನು ಅನುಸರಿಸಿ ನಮ್ಮ ವಿದ್ಯಾರ್ಥಿಯು, ತನಗರಿವಿಲ್ಲದೆ, ಔಷಧಕ್ಕೆ ಅಂಜದ ಹುಳುಗಳ ತಳಿಯನ್ನು ಸಾಕಿದ್ದನು. ಒಳ್ಳೆಯ ಟಗರನ್ನು ಆರಿಸಿ ಬಿಟ್ಟು ತಳಿಯನ್ನು ತಿದ್ದುವಂತೆಯೇ.

ಕೆಲವು ಕುರಿಗಳಿಗೆ ಔಷಧವನ್ನು ಕುಡಿಸದೆ ಬಿಟ್ಟಿದ್ದರೆ? ಅವುಗಳ ಹೊಟ್ಟೆಯ ಸಾಮಾನ್ಯ ಹುಳುಗಳು ಮೊಟ್ಟೆಯಿಡುತ್ತಲೇ ಇರುತ್ತಿದ್ದವು. ಹುಲ್ಲಿನ ಮೇಲೆ ಆ ಹತ್ತರ ಸಂತಾನವು ಅವುಗಳ ಸಾವಿರಾರು ಸಂತಾನದ ನಡುವೆ ಕರಗಿಹೋಗುತ್ತಿತ್ತು. ಎರಡೂ ಕೂಡಿ ಹುಟ್ಟಿದ ಮಿಶ್ರಸಂತಾನವು, ಆಲ್ಬೆಂಡಜೋಲಿನ ವಿಷಯದಲ್ಲಂತೂ, ಬಹುಮಟ್ಟಿಗೆ ಔಷಧಕ್ಕೆ ಬಗ್ಗುವದೇ. ಅಂದರೆ ಔಷಧವನ್ನು ಕಾಣದ ಹುಳುವೇ ಔಷಧದ ಬಲವನ್ನು ಕಾಪಾಡುವದು! ಶತ್ರುಸೈನ್ಯದಲ್ಲಿ ಒಂದಿಷ್ಟನ್ನು ಬೇಕೆಂದೇ ಉಳಿಸತಕ್ಕದ್ದೆಂಬ ಈ ನೀತಿಯನ್ನು ನಮ್ಮ ಯಾವ ನೀತಿಶಾಸ್ತ್ರದಲ್ಲಿಯೂ ನಾವು ಓದಿದ್ದಿಲ್ಲ. ಒಪ್ಪಿಕೊಳ್ಳುವದಕ್ಕೆ ನಮಗೆ ಕೆಲವು ದಿನಗಳೇ ಬೇಕಾದವು.

ಇಷ್ಟೆಲ್ಲವನ್ನೂ ನಮಗೆ ತಿಳಿಸಿದವರು ತಾಲ್ಲೂಕಿನ ಪಶುವೈದ್ಯರೊಬ್ಬರು. ಅವರು ಮೊದಲು ಜಗುಲಿಯ ಮೇಲಿನ ಶೀಶೆಗಳನ್ನು ನೋಡಿದರು. ಒಂದರ ಮೇಲೆ ಆಲ್ಬೆಂಡಜೋಲ್, ಇನ್ನೊಂದರ ಮೇಲೆ ಫೆನ್‌ಬೆಂಡಜೋಲ್. ಹುಡುಗನು ಒಂದರಿಂದ ಗುಣವಾಗದಿರಲು ಮತ್ತೊಂದನ್ನು ತಂದಿದ್ದನು, ಬೆಲೆಯೂ ಹೆಚ್ಚು. ಎರಡೂ ಒಂದೇ ವಂಶದ ಔಷಧಗಳೆಂದೂ, ಒಂದಕ್ಕೆ ಬಗ್ಗದ ಹುಳು ಇನ್ನೊಂದಕ್ಕೂ ಬಗ್ಗದೆಂದೂ ವೈದ್ಯರು ಹೇಳಿದರು. ಅಮರಕೋಶವನ್ನು ಬಾಯಿಪಾಠ ಮಾಡಿದ ನಮಗೆ ಪರ್ಯಾಯಪದಗಳ ಈ ಮೋಸವು ಮೊದಲೇ ಹೊಳೆಯಬೇಕಾಗಿತ್ತು. ಆ ಮೇಲೆ ಅವರು ಕೆಲವು ಕುರಿಗಳ ಹಿಕ್ಕೆಯನ್ನು ಬೇರೆ ಬೇರೆಯಾಗಿ ಕಟ್ಟಿಸಿಕೊಂಡು, ಅವಕ್ಕೆ ತೂಕಕ್ಕೆ ತಕ್ಕಷ್ಟು ಔಷಧವನ್ನು ತಾವೇ ಕುಡಿಸಿ, ಹದಿನಾಲ್ಕು ದಿನಗಳ ತರುವಾಯ ಮತ್ತೆ ಹಿಕ್ಕೆಯನ್ನು ಒಯ್ದರು. ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದು ಗ್ರಾಮಿನಲ್ಲಿ ಎಷ್ಟು ಮೊಟ್ಟೆಗಳೆಂದು ಮೊದಲೊಮ್ಮೆ, ಆ ಮೇಲೊಮ್ಮೆ ಎಣಿಸುವದೇ ಪರೀಕ್ಷೆ. ನೂರಕ್ಕೆ ತೊಂಬತ್ತೈದರಷ್ಟಾದರೂ ಇಳಿಯದಿದ್ದರೆ ಔಷಧವು ಸೋಲುತ್ತಿದೆಯೆಂದು ತಿಳಿಯತಕ್ಕದ್ದು. ನಮ್ಮ ಹುಡುಗನ ಕುರಿಗಳಲ್ಲಿ ಅರ್ಧಕ್ಕೂ ಇಳಿದಿರಲಿಲ್ಲ. ಬೇರೆ ವಂಶದ ಔಷಧವೊಂದನ್ನು ಇನ್ನು ಕೆಲವು ಕುರಿಗಳಿಗೆ ಕೊಟ್ಟು ಪರೀಕ್ಷಿಸಿದಾಗ ಅದು ಚೆನ್ನಾಗಿ ನಡೆಯಿತು. ಅಷ್ಟರ ಮಟ್ಟಿಗೆ ದೇವರ ದಯೆ. ಈ ಪರೀಕ್ಷೆಯನ್ನು ಕುರಿ ಸಾಕುವ ಗೃಹಸ್ಥರು ಪಶು ಆಸ್ಪತ್ರೆಯಲ್ಲಿ ಕೇಳಿ ಮಾಡಿಸಿಕೊಳ್ಳಬೇಕೆಂದು ನಮ್ಮ ವಿನಂತಿ; ಕುರಿ ಸತ್ತ ಮೇಲೆ ಅಂಗಡಿಯವನನ್ನು ಬಯ್ಯುವದಕ್ಕಿಂತ ಇದು ಮೇಲು.

ಹಾಗಾದರೆ ಯಾವ ಕುರಿಗೆ ಕುಡಿಸುವದು, ಯಾವುದನ್ನು ಬಿಡುವದು? ಇಲ್ಲಿಯೇ ಆ ತಾಯಿಯ ಮಾತು ಬರುವದು. ವೈದ್ಯರು ಚೀಲದಿಂದ ಒಂದು ಬಣ್ಣದ ಕಾರ್ಡನ್ನು ತೆಗೆದರು. ದಕ್ಷಿಣ ಆಫ್ರಿಕೆಯಲ್ಲಿ ಫ್ರಾಂಸ್ವಾ ಮಲಾನ್ ಎಂಬ ಪಶುವೈದ್ಯರ ಯೋಚನೆಯಿಂದ ಹುಟ್ಟಿ, ಅವರ ಹೆಸರಿನ ಅಕ್ಷರಗಳಿಂದಲೇ ಫಮಾಚಾ ಎನಿಸಿಕೊಂಡಿರುವ ಈ ಕಾರ್ಡಿನಲ್ಲಿ ಕುರಿಯ ಕಣ್ಣಿನ ಐದು ಚಿತ್ರಗಳಿವೆ: ಮೊದಲನೆಯದರಲ್ಲಿ ಒಳರೆಪ್ಪೆಯು ಕಡುಗೆಂಪು, ಐದನೆಯದರಲ್ಲಿ ಕಾಗದದಂತೆ ಬಿಳಿದು. ಕೆಳಗಿನ ರೆಪ್ಪೆಯನ್ನು ಹೊರಮಗ್ಗುಲಾಗಿಸಿ, ಹಗಲು ಬೆಳಕಿನಲ್ಲಿ ಕಾರ್ಡಿಗೆ ಹೋಲಿಸಿ ನೋಡಬೇಕು. ಒಂದು, ಎರಡು ಆದರೆ ಔಷಧ ಬೇಡ. ನಾಲ್ಕು, ಐದು ಆದರೆ ಕೂಡಲೆ ಕುಡಿಸಬೇಕು. ಮೂರನೆಯದು ಸಂದಿಗ್ಧ, ಮರಿಗಳಿಗೂ ಗಬ್ಬವಾದವಕ್ಕೂ ಕೊಡುವದು ಲೇಸು. ವೈದ್ಯರು ಇದನ್ನು ವಿವರಿಸುತ್ತಿರುವಾಗಲೇ ಆ ಮುದುಕಿಯು ಒಂದು ಕುರಿಯನ್ನು ತೊಡೆಗಳ ನಡುವೆ ಹಿಡಿದು, ಹೆಬ್ಬೆರಳಿನಿಂದ ರೆಪ್ಪೆಯನ್ನು ಕೆಳಕ್ಕೆ ಜಗ್ಗಿ, “ಇದರ ಕಣ್ಣು ಬೆಳ್ಳಗ ಆಗ್ಯಾವ. ಇದಕ ಹಾಕ್ರಿ. ಅದು ಕೆಂಪೈತಿ, ಅದರ ಗೊಡವಿ ಬ್ಯಾಡ” ಎಂದಳು. ಅವಳ ತಂದೆ ಹಾಗೆಯೇ ನೋಡುತ್ತಿದ್ದನಂತೆ. ವೈದ್ಯರು ಕಾರ್ಡನ್ನು ಹಿಡಿದು ನೋಡಿದರು. ಒಂದೆರಡು ಕುರಿಗಳನ್ನು ಬಿಟ್ಟರೆ ಅವಳ ಹೆಬ್ಬೆರಳೂ ಕಾರ್ಡೂ ಒಂದೇ ಮಾತನ್ನು ಹೇಳಿದವು. ಮಗನು ನಮ್ಮ ಮುಖವನ್ನು ನೋಡಿದನು. ನಾವು ಕಾರ್ಡನ್ನು ನೋಡಿದೆವು.

ಹಿಂಡಿನ ಹುಳುಗಳಲ್ಲಿ ಬಹುಪಾಲು ಕೆಲವೇ ಕುರಿಗಳಲ್ಲಿ ಸೇರಿಕೊಂಡಿರುತ್ತವೆಂಬದು ಎಲ್ಲ ದೇಶಗಳ ಅನುಭವ. ಐದರಲ್ಲಿ ಒಂದೋ ನಾಲ್ಕರಲ್ಲಿ ಒಂದೋ ಕುರಿಯು ಉಳಿದವುಗಳ ಪಾಲಿನ ಹುಳುಗಳನ್ನೂ ಹೊತ್ತಿರುವದು. ಅಂಥವನ್ನು ಆರಿಸಿ ಕುಡಿಸಿದರೆ ಸಾವು ತಪ್ಪುವದು, ಔಷಧವೂ ಉಳಿಯುವದು, ಹಣವೂ ಉಳಿಯುವದು. ವರ್ಷವರ್ಷವೂ ಬಿಳಿಕಣ್ಣಾಗುವ ಕುರಿಯ ಮರಿಗಳನ್ನು ಹಿಂಡಿನಲ್ಲಿ ಉಳಿಸಿಕೊಳ್ಳದೆ ಮಾರಿದರೆ ಹಿಂಡೇ ಗಟ್ಟಿಯಾಗುತ್ತ ಹೋಗುವದು. ಒಂದು ಎಚ್ಚರಿಕೆ: ಕಣ್ಣು ಬಿಳಚುವದಕ್ಕೆ ಈ ಹುಳುವೊಂದೇ ಕಾರಣವಲ್ಲ. ಗದ್ದೆಯ ನೀರಿನ ಬಸವನಹುಳುವಿನ ಮೂಲಕ ಬರುವ ಪಿತ್ತಕೋಶದ ಹುಳುವೂ, ಮೈಮೇಲಿನ ಉಣ್ಣೆಗಳೂ ರಕ್ತವನ್ನು ಕಳೆಯುತ್ತವೆ. ಆದುದರಿಂದ ಮೊದಲ ಸಲ ವೈದ್ಯರ ಜೊತೆಯಲ್ಲಿ ನಿಂತು ಕಲಿಯುವದು ಅವಶ್ಯ.

ಕುಡಿಸುವ ರೀತಿಯಲ್ಲಿಯೂ ನಮ್ಮವರ ತಪ್ಪುಗಳು ಹಲವು. ಕುರಿಯ ತೂಕವನ್ನು ಕಣ್ಣಂದಾಜಿನಿಂದ ಹೇಳುವವರು ಸಾಮಾನ್ಯವಾಗಿ ಕಡಮೆ ಹೇಳುತ್ತಾರೆ. ಅರೆಹೊಟ್ಟೆ ಔಷಧವು ಅರೆಬಲದ ಹುಳುಗಳನ್ನು ಉಳಿಸಿ ಮುಂದಿನ ಮೆಟ್ಟಿಲನ್ನು ಕಟ್ಟಿಕೊಡುವದು. ಧಾನ್ಯದ ಅಂಗಡಿಯ ತೂಗುತಕ್ಕಡಿಯಾದರೂ ಸರಿ, ನಾಲ್ಕಾರು ಕುರಿಗಳನ್ನು ತೂಗಿ ನೋಡಬೇಕು. ಔಷಧವನ್ನು ನಾಲಗೆಯ ಹಿಂಭಾಗದ ಮೇಲೆ ಬಿಡಬೇಕು, ತುಟಿಯ ಸಂದಿಯಲ್ಲಿ ಸುರಿಯಬಾರದು. ಹಾಗೆಂದು, ಕೆಲಸ ಮಾಡಲಿಲ್ಲವೆಂದು ಇಮ್ಮಡಿ ಸುರಿಯುವದೂ ಸಲ್ಲದು: ಕ್ಲೋಸಾಂಟೆಲ್ ಹೆಚ್ಚಾದರೆ ಕುರಿಯು ಕುರುಡಾಗುವದು, ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಟ್ಟರೆ ಹೊಟ್ಟೆಯ ಮರಿಗೆ ಅಪಾಯ. ಹಿಂಡಿನಲ್ಲಿ ನಾಲ್ಕು ಆಡುಗಳಿದ್ದರೆ ಅವಕ್ಕೂ ಕುರಿಯ ಪ್ರಮಾಣವನ್ನೇ ಕುಡಿಸುವ ರೂಢಿಯುಂಟು. ಆಡಿನ ಮೈಯು ಔಷಧವನ್ನು ಬೇಗ ಹೊರಹಾಕುವದರಿಂದ ಅದಕ್ಕೆ ಆ ಪ್ರಮಾಣವು ಸಾಲದು. ಅಲ್ಲಿ ಪಳಗಿದ ಹುಳುಗಳು ಕುರಿಗೂ ಬರುತ್ತವೆ. ಆಡಿನ ಪ್ರಮಾಣವನ್ನು ವೈದ್ಯರಿಂದಲೇ ಬರೆಯಿಸಿಕೊಳ್ಳಿರಿ. ಸಂತೆಯಿಂದ ತಂದ ಹೊಸ ಕುರಿಯನ್ನಾಗಲಿ, ತಳಿಯನ್ನು ತಿದ್ದಲೆಂದು ದೊಡ್ಡ ಕ್ಷೇತ್ರದಿಂದ ತಂದ ಟಗರನ್ನಾಗಲಿ, ಬಂದ ದಿನವೇ ಹಿಂಡಿಗೆ ಬಿಡಬಾರದು. ಚಂದದ ಟಗರಿನ ಹೊಟ್ಟೆಯಲ್ಲಿ ಯಾವ ವಂಶವು ಕೂತಿದೆಯೋ ಯಾರು ಬಲ್ಲರು? ಬೇರೆ ಕಟ್ಟಿ, ಹಿಕ್ಕೆಯನ್ನು ಪರೀಕ್ಷೆಗೆ ಕಳಿಸಿ, ಆ ಮೇಲೆ ಕೂಡಿಸಬೇಕು.

ನಮ್ಮ ಚರಕಾಚಾರ್ಯನು ಕೃಮಿಗಳನ್ನು ಇಪ್ಪತ್ತು ವಿಧವೆಂದು ವಿಭಾಗಿಸಿ, ಚಿಕಿತ್ಸೆಯನ್ನು ಮೂರು ಬಗೆಯಾಗಿ ಹೇಳಿದ್ದಾನೆ: ಹುಳುವನ್ನು ಹೊರಹಾಕುವದು ಅಪಕರ್ಷಣ, ಅದು ಬೆಳೆಯುವ ನೆಲೆಯನ್ನು ಕೆಡಿಸುವದು ಪ್ರಕೃತಿವಿಘಾತ, ಅದು ಬರುವ ಕಾರಣವನ್ನು ಬಿಡುವದು ನಿದಾನಪರಿವರ್ಜನ. ಅವನು ಹೇಳಿದ್ದು ಮನುಷ್ಯರ ಕೃಮಿಗಳನ್ನು ಕುರಿತು, ಕುರಿಯನ್ನಲ್ಲ. ಹಳೆಯವರಿಗೆ ಎಲ್ಲವೂ ಗೊತ್ತಿತ್ತೆಂದು ಎದೆತಟ್ಟಿಕೊಳ್ಳುವ ಚಪಲವು ನಮಗಿಲ್ಲ. ಅವರಿಗೆ ಟ್ಯೂಬುಲಿನ್ ಗೊತ್ತಿರಲಿಲ್ಲ. ಆದರೆ ಶೀಶೆಯೊಂದನ್ನೇ ನಂಬಿದ ನಾವು ಮೂರರಲ್ಲಿ ಒಂದನ್ನು ಮಾತ್ರ ಮಾಡಿ ಎರಡನ್ನು ಮರೆತಿದ್ದೆವೆಂಬದು ಸತ್ಯ. ಅಲೆಯುವ ಕುರುಬನು ಆ ಎರಡನ್ನೂ ನಡೆದೇ ಮಾಡುತ್ತಿದ್ದನು. ಸುಗ್ಗಿಯಾದ ಮೇಲೆ ಲಿಂಗಸುಗೂರು, ಮಸ್ಕಿಗಳ ಕಡೆಯ ಹಿಂಡುಗಳು ಸಿಂಧನೂರಿನ ನೀರಾವರಿಯ ಗದ್ದೆಗಳ ಕೂಳೆ ಮೇಯಲು ಇಳಿಯುತ್ತವೆ. ರೈತನು ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಗೊಬ್ಬರ ಪಡೆಯುತ್ತಾನೆ, ಕುರುಬನಿಗೆ ಕಾಳೋ ಹಣವೋ ಸಿಗುವದು. ಕೆಲವು ದಿನಗಳಾದೊಡನೆ ಹಿಂಡು ಮುಂದಿನ ಹೊಲಕ್ಕೆ. ಬಿದ್ದ ಮೊಟ್ಟೆಗಳು ಮರಿಯಾಗಿ ಹುಲ್ಲನ್ನೇರುವಷ್ಟರಲ್ಲಿ ತಿನ್ನುವ ಕುರಿಯೇ ಅಲ್ಲಿರದು. ಕಾಲುವೆಯ ಬದುವಿನ ತೇವದ ಹುಲ್ಲು ಮಾತ್ರ ಈಗ ಅವರಿಗೂ ಹೊಸ ಅಪಾಯವಾಗಿದೆ. ಬೆಳಗಿನ ಇಬ್ಬನಿ ಆರುವ ಮೊದಲು ಅಲ್ಲಿ ಮೇಯಿಸದಿರುವದು ಜಾಣತನ.

ಔಷಧವನ್ನು ಯಾವಾಗ ಕೊಡಬೇಕೆಂಬದನ್ನು ಕುರಿತು ಅವಿಕಾನಗರದವರ ಮಾತನ್ನು ಹೇಳಬೇಕು. ರಾಜಸ್ಥಾನದಲ್ಲಿ 1962ರಲ್ಲಿ ಸ್ಥಾಪಿತವಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ಇರುವ ಊರು ಅದು. ಅವಿ ಎಂದರೆ ಸಂಸ್ಕೃತದಲ್ಲಿ ಕುರಿ, ಆದುದರಿಂದ ನಮ್ಮ ಹಟ್ಟಿಗೆ ಅದು ಹೆಸರಿನಿಂದಲೇ ನಂಟು. ಒಣಸೀಮೆಯ ಹಿಂಡುಗಳಿಗೆ ಮಳೆಗಾಲದ ನಡುವಿನಲ್ಲಿಯೋ ಕೊನೆಯ ಭಾಗದಲ್ಲಿಯೋ ವರ್ಷಕ್ಕೆ ಒಂದೇ ಸಲ ಕೊಟ್ಟರೆ ಸಾಕೆಂದು ಅವರು ಬಹಳ ವರ್ಷ ನೋಡಿ ಹೇಳಿದ್ದಾರೆ. ಆ ಕಾಲದಲ್ಲಿ ಹುಲ್ಲಿನ ಮೇಲೆ ಔಷಧ ಕಾಣದ ಮರಿಹುಳುಗಳು ಹೇರಳವಾಗಿರುತ್ತವೆ. ಉಳಿದ ಹತ್ತು ಅವುಗಳಲ್ಲಿ ಮುಳುಗಿಹೋಗುತ್ತವೆ. ಬಿರುಬೇಸಿಗೆಯಲ್ಲಿ ಎಲ್ಲ ಕುರಿಗಳಿಗೂ ಕುಡಿಸಿದರೆ ನೆಲದ ಮೇಲೆ ಬಿಸಿಲೂ ಹೊಟ್ಟೆಯೊಳಗೆ ಔಷಧವೂ ಸೇರಿ ಸಾಮಾನ್ಯ ಹುಳುಗಳನ್ನು ನಿರ್ವಂಶ ಮಾಡಿ, ಅಂಜದವಕ್ಕೇ ರಾಜ್ಯವನ್ನು ಬಿಟ್ಟುಕೊಟ್ಟಂತಾಗುವದು. ನಾವು ಬರೆದ ಅಮಾವಾಸ್ಯೆಗಳಲ್ಲಿ ಫಾಲ್ಗುಣ, ಚೈತ್ರ, ವೈಶಾಖಗಳೂ ಇದ್ದವು.

ಇದನ್ನು ಓದಿದ ತಾಯಂದಿರು, ಶಾಲೆಯಲ್ಲಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಮಕ್ಕಳಿಗೆ ಕೊಡುವ ಜಂತಿನ ಗುಳಿಗೆಯೂ ಆಲ್ಬೆಂಡಜೋಲೇ ಅಲ್ಲವೇ, ಅದನ್ನೂ ಬಿಡಿಸೋಣವೇ ಎಂದು ಕೇಳಬಾರದು. ಮಕ್ಕಳ ಹುಳುಗಳೇ ಬೇರೆ, ಆ ಏರ್ಪಾಡೇ ಬೇರೆ. 2015ರಿಂದ ನಡೆದುಬಂದಿರುವ ಆ ಕಾರ್ಯದಿಂದ ಉಪಕಾರವಾಗಿದೆ. ಗುಳಿಗೆಯನ್ನು ಮಕ್ಕಳು ನುಂಗಲಿ. ಕುರಿಯ ಶೀಶೆಯನ್ನು ಮಾತ್ರ ಮನೆಮಂದಿಗೆ ಕುಡಿಸುವ ಸಾಹಸವನ್ನು ಯಾರೂ ಮಾಡಬಾರದು. ಅಂಥವರನ್ನೂ ನಾವು ಕಂಡಿದ್ದೇವೆ.

ಮೊನ್ನೆ ನಾವು ಆ ದೊಡ್ಡಿಗೆ ಹೋಗಿದ್ದೆವು. ಎರಡೆಕರೆಯನ್ನು ನಾಲ್ಕು ಭಾಗ ಮಾಡಿ, ಮೂರಕ್ಕೆ ನೀರು ನಿಲ್ಲಿಸಿ ಒಣಗಲು ಬಿಟ್ಟಿದ್ದಾನೆ. ಕುರಿಗಳನ್ನು ಹಗಲು ಗುಡ್ಡಕ್ಕೆ ಹೊಡೆಯುತ್ತಾನೆ. ನಾಲ್ವತ್ತೊಂಬತ್ತು ಕುರಿಗಳನ್ನೂ ತಾಯಿ ಒಂದೊಂದಾಗಿ ಹಿಡಿದು ಕಣ್ಣು ನೋಡಿದಳು, ಮಗನು ಕಾರ್ಡು ಹಿಡಿದನು, ನಾವು ಪುಸ್ತಕದಲ್ಲಿ ಬರೆದುಕೊಂಡೆವು. ಒಂಬತ್ತರ ಹಣೆಗೆ ಸುಣ್ಣದ ಬೊಟ್ಟು ಬಿದ್ದಿತು. ಅವಕ್ಕೆ ಕುಡಿಸಿಯಾದ ಮೇಲೆ ಶೀಶೆಯಲ್ಲಿ ಮುಕ್ಕಾಲು ಪಾಲು ಉಳಿದಿತ್ತು. ಇಷ್ಟು ದಿನ ಒಂದು ಹನಿಯೂ ಉಳಿಯದಂತೆ ಕುಡಿಸಿದ ಅಭ್ಯಾಸದಿಂದ ಅವನು ಅದನ್ನು ಕೈಯಲ್ಲಿ ಹಿಡಿದು, “ಇದನ್ನೇನು ಮಾಡ್ಲಿ ಗುರುಗಳೇ?” ಎಂದನು. ಮುಚ್ಚಳವನ್ನು ಬಿಗಿಮಾಡಿ, ಬಿಸಿಲು ತಾಗದ ಗೂಡಿನಲ್ಲಿ, ಮಕ್ಕಳ ಕೈಗೆಟುಕದಂತೆ ಇಡು ಎಂದೆವು. ಮೂರು ವಾರ ಬಿಟ್ಟು ಮತ್ತೆ ಕಣ್ಣು ನೋಡುವದಿದೆ.